ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಎಲ್ಲರಿಗೂ ಅಡ್ಮಿನ್ ಅಧಿಕಾರ ಬೇಕೇ?

ಅಚ್ಚುಮನೆ, ಚಾಮರಾಜಪೇಟೆ

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ ಮಾಡುತ್ತೇವೆ. ರಾಜ್ಯೋತ್ಸವ ಬಂದರೆ ಬ್ಯಾನರ್ ಕೆಲಸವೂ ಇರುತ್ತದೆ. ಕಂಪ್ಯೂಟರ್‌ಗಳು ನಾಲ್ಕು, ಎಲ್ಲವೂ ವಿಂಡೋಸ್ 11. ಜೋಡಿಸಿಕೊಟ್ಟವರು ಎಲ್ಲ ಖಾತೆಗಳನ್ನೂ ಅಡ್ಮಿನ್ (ಯಂತ್ರದಲ್ಲಿ ಏನನ್ನು ಬೇಕಾದರೂ ಬದಲಿಸುವ ಅಧಿಕಾರವುಳ್ಳ ಖಾತೆ) ಮಾಡಿ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟು, ಅನುಮತಿ ಕೇಳುವ ಪರದೆಯನ್ನೂ ನಿಲ್ಲಿಸಿ ಹೋಗಿದ್ದಾರೆ.

ಈಚೆಗೆ ಗಿರಾಕಿಯೊಬ್ಬರ ಪೆನ್ ಡ್ರೈವ್‌ನಲ್ಲಿದ್ದ ಕಡತವನ್ನು ತೆರೆದ ಮೇಲೆ ಒಂದು ಯಂತ್ರದ ಆಂಟಿವೈರಸ್ ಆಫ್ ಆಗಿತ್ತು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಮುಂದಿನ ಮೇಜಿನ ಹುಡುಗಿಗೆ ಕಡಿಮೆ ಅಧಿಕಾರದ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಟ್ಟೆ. ಆಗ ಎರಡು ತೊಂದರೆಗಳು ಎದುರಾದವು. ಗಿರಾಕಿಗಳು ತರುವ ಹೊಸ ಫಾಂಟ್‌ಗಳನ್ನು ಹಾಕಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಇನ್ನೊಂದು ನಿಜಕ್ಕೂ ವಿಚಿತ್ರ: ನಮ್ಮ ಹಳೆಯ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಆಕೆ ಬರೆದ ಬಿಲ್ಲುಗಳು ಅದೇ ಕಂಪ್ಯೂಟರ್‌ನಲ್ಲಿ ನನ್ನ ಖಾತೆಯಿಂದ ತೆರೆದರೆ ಕಾಣುವುದಿಲ್ಲ. ನಾನು ಆ ಪ್ರೋಗ್ರಾಂ ಅನ್ನು ಯಾವಾಗಲೂ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿಯೇ ತೆರೆಯುತ್ತೇನೆ. ಹಳೆಯ ಏರ್ಪಾಡಿಗೇ ಮರಳಬೇಕೇ?

ಅವೆನ್ಯೂ ರಸ್ತೆ

ಮರಳಿಬಿಡಿ ಸಾರ್. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ಪಾಸ್‌ವರ್ಡ್ ಹೇಳುತ್ತಾ ಕೂರಲು ಆಗುವುದಿಲ್ಲ. ಒಳ್ಳೆಯ ಆಂಟಿವೈರಸ್ ಕೊಂಡು ಹಾಕಿ, ಅಷ್ಟು ಸಾಕು.

ಸಂಪಿಗೆ ರಸ್ತೆ

ದಯವಿಟ್ಟು ಮರಳಬೇಡಿ. ಕಾಲೇಜಿನ ಪ್ರಯೋಗಾಲಯ ಮತ್ತು ಕೆಲವು ಆಡಿಟರ್ ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಮೇಲಿನ ಸಲಹೆಗೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅಡ್ಮಿನ್ ಅಧಿಕಾರದಲ್ಲಿ ನಡೆಯುವ ದುಷ್ಟ ಪ್ರೋಗ್ರಾಂ ಮೊದಲು ಕೈಹಾಕುವುದೇ ಆಂಟಿವೈರಸ್‌ಗೆ. ಕಾವಲುಗಾರನನ್ನು ಮನೆಗೆ ಕಳುಹಿಸುವ ಅಧಿಕಾರವನ್ನು ಕಳ್ಳನಿಗೇ ಕೊಟ್ಟು, ಇನ್ನೂ ಗಟ್ಟಿಮುಟ್ಟಾದ ಕಾವಲುಗಾರನನ್ನು ಹುಡುಕಿ ಏನು ಪ್ರಯೋಜನ?

ಮೊದಲು ಬಿಲ್ಲಿನ ವಿಷಯ. ಬಿಲ್ಲುಗಳು ಕಳೆದುಹೋಗಿಲ್ಲ, ಗಾಬರಿ ಬೇಡ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಹುತೇಕ ಎಲ್ಲರೂ ಅಡ್ಮಿನ್ ಆಗಿಯೇ ಕೆಲಸ ಮಾಡುತ್ತಿದ್ದರು. ಆದ್ದರಿಂದ ಪ್ರೋಗ್ರಾಂ ಬರೆಯುವವರು ತಮ್ಮ ಮಾಹಿತಿಯನ್ನು ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನೊಳಗೇ ಬರೆದಿಡುತ್ತಿದ್ದರು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅಡ್ಮಿನ್‌ಗಳು ತೆರೆದ ಪ್ರೋಗ್ರಾಂಗಳೂ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಅಧಿಕಾರದಲ್ಲೇ ನಡೆಯತೊಡಗಿದವು, ಆ ಅಧಿಕಾರದಲ್ಲಿ ಅಲ್ಲಿ ಬರೆಯಲು ಆಗುವುದಿಲ್ಲ. ಹಳೆಯ ಪ್ರೋಗ್ರಾಂಗಳು ಒಮ್ಮೆಲೇ ನಿಂತುಹೋಗಬಾರದೆಂದು ಮೈಕ್ರೋಸಾಫ್ಟ್ ಒಂದು ಉಪಾಯ ಮಾಡಿತು. ಅಂಥ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ, ವಿಂಡೋಸ್ ಅದನ್ನು ಸದ್ದಿಲ್ಲದೆ ಆಯಾ ಬಳಕೆದಾರರ ‘ಆ್ಯಪ್‌ಡೇಟಾ’ ಫೋಲ್ಡರಿನೊಳಗೆ, ‘ಲೋಕಲ್’ ಎಂಬಲ್ಲಿರುವ ‘ವರ್ಚುವಲ್‌ಸ್ಟೋರ್’ಗೆ ತಿರುಗಿಸುತ್ತದೆ. ಆ ಹುಡುಗಿ ಬರೆದ ಬಿಲ್ಲುಗಳು ಬಹುಶಃ ಅಲ್ಲಿವೆ. ನೀವು ಪೂರ್ಣ ಅಧಿಕಾರದಲ್ಲಿ ತೆರೆಯುವುದರಿಂದ ನಿಮಗೆ ಮೂಲ ಫೋಲ್ಡರಿನ ಕಡತ ಮಾತ್ರ ಕಾಣುತ್ತದೆ.

ಈಗ ಮಾಡಬೇಕಾದದ್ದು: ಪ್ರೋಗ್ರಾಂ ಮುಚ್ಚಿ, ಎರಡೂ ಕಡೆಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಒಂದನ್ನು ಇನ್ನೊಂದರ ಮೇಲೆ ಹಾಕಬೇಡಿ. ಎರಡರಲ್ಲೂ ಒಂದೇ ಕ್ರಮಸಂಖ್ಯೆಯ ಬೇರೆ ಬೇರೆ ಬಿಲ್ಲುಗಳಿರಬಹುದು. ಆಕೆಯ ಬಿಲ್ಲುಗಳನ್ನು ಅವಳ ಖಾತೆಯಿಂದಲೇ ಮುದ್ರಿಸಿಕೊಂಡು ಮೂಲಕ್ಕೆ ಮತ್ತೆ ಬರೆಯುವುದು ಬೇಸರದ ಕೆಲಸ, ಆದರೆ ಲೆಕ್ಕ ತಪ್ಪುವುದಿಲ್ಲ. ಅದು ಮುಗಿದ ಮೇಲೆ ವರ್ಚುವಲ್‌ಸ್ಟೋರ್‌ನಲ್ಲಿರುವ ಹಳೆಯ ಕಡತವನ್ನು ತೆಗೆಯಲೇಬೇಕು, ಇಲ್ಲವಾದರೆ ಅವಳ ಖಾತೆಗೆ ಮತ್ತೆ ಅದೇ ಕಾಣುತ್ತದೆ.

ಆಮೇಲೆ, ಮಾಹಿತಿ ಇಡುವ ಜಾಗವನ್ನು ಬದಲಿಸಲು ಪ್ರೋಗ್ರಾಂನಲ್ಲಿ ಅವಕಾಶವಿದ್ದರೆ ಅದನ್ನು ‘ಪ್ರೋಗ್ರಾಂ ಫೈಲ್ಸ್’ನಿಂದ ಹೊರಗೆ ತನ್ನಿ. ಇಲ್ಲದಿದ್ದರೆ ಮಾಹಿತಿ ಇರುವ ಉಪಫೋಲ್ಡರಿಗೆ ಮಾತ್ರ ‘ಯೂಸರ್ಸ್’ ಗುಂಪಿಗೆ ‘ಮಾಡಿಫೈ’ (ಬರೆಯುವ, ಬದಲಿಸುವ) ಅನುಮತಿ ಕೊಡಿ. ಇಡೀ ಫೋಲ್ಡರಿಗೆ ಕೊಡಬೇಡಿ. ಪ್ರೋಗ್ರಾಂನ ಕಡತವನ್ನೇ ಯಾರಾದರೂ ಬದಲಿಸಿಟ್ಟರೆ, ನಾಳೆ ನೀವು ಅಡ್ಮಿನ್ ಆಗಿ ಅದನ್ನು ತೆರೆದ ಗಳಿಗೆಯಲ್ಲಿ ಅವರ ಪ್ರೋಗ್ರಾಂಗೆ ನಿಮ್ಮ ಅಧಿಕಾರ ಸಿಗುತ್ತದೆ.

ಫಾಂಟ್ ಸಮಸ್ಯೆ ಸಣ್ಣದು. ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟ್ ಆ ಬಳಕೆದಾರರಿಗೆ ಮಾತ್ರ ಸೇರುತ್ತದೆ, ಅಡ್ಮಿನ್ ಬೇಕಿಲ್ಲ. ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿದರೆ ಮಾತ್ರ ಪಾಸ್‌ವರ್ಡ್ ಕೇಳುತ್ತದೆ. ಕೆಲವು ಹಳೆಯ ಪುಟವಿನ್ಯಾಸದ ತಂತ್ರಾಂಶಗಳಿಗೆ ಹೀಗೆ ಒಬ್ಬರಿಗಾಗಿ ಹಾಕಿದ ಫಾಂಟ್ ಕಾಣುವುದಿಲ್ಲ. ಅಂಥ ತಂತ್ರಾಂಶಗಳಿಗೆ ಬೇಕಾದ ಫಾಂಟ್‌ಗಳನ್ನು, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟ್‌ಗಳನ್ನೂ ಸೇರಿಸಿ, ನೀವೇ ಎಲ್ಲರಿಗಾಗಿ ಒಮ್ಮೆ ಹಾಕಿಬಿಡಿ. ಗುರುತಿಲ್ಲದ ಫಾಂಟ್‌ಗಳ ಬಗ್ಗೆ ಎಚ್ಚರವಿರಲಿ. 2020ರ ಮಾರ್ಚ್‌ನಲ್ಲಿ ಫಾಂಟ್‌ಗಳನ್ನು ಓದುವ ವಿಂಡೋಸ್‌ನ ಭಾಗವಾದ ಅಡೋಬ್ ಟೈಪ್ ಮ್ಯಾನೇಜರ್ ಲೈಬ್ರರಿಯಲ್ಲಿ ದೋಷವಿದೆ, ದಾಳಿಕೋರರು ಅದನ್ನು ಬಳಸುತ್ತಿದ್ದಾರೆ ಎಂದು ಮೈಕ್ರೋಸಾಫ್ಟ್ ಸ್ವತಃ ಎಚ್ಚರಿಸಿತ್ತು. ಅಕ್ಷರದ ಕಡತವೂ ದಾಳಿಯ ದಾರಿಯಾಗಬಲ್ಲದು.

ಈಗ ಮುಖ್ಯ ಮಾತು. ಹುಡುಗಿಯ ಅಧಿಕಾರ ತೆಗೆದಿರಿ, ನಿಮ್ಮದನ್ನು ಇಟ್ಟುಕೊಂಡಿರಿ. ಮೊದಲು ನಿಮ್ಮ ದಿನನಿತ್ಯದ ಖಾತೆಯ ಅಧಿಕಾರ ಹೋಗಬೇಕು. ಮಾಲೀಕರ ಖಾತೆಯಲ್ಲೇ ಅಲ್ಲವೇ ಬ್ಯಾಂಕು, ಜಿಎಸ್‌ಟಿ, ಗಿರಾಕಿಗಳ ಇಮೇಲ್ ಎಲ್ಲವೂ ಇರುವುದು?

ರಾಜಾಜಿನಗರ ಲಿನಕ್ಸ್

ಸಂಪಿಗೆ ರಸ್ತೆಯವರ ಕೊನೆಯ ಮಾತಿಗೆ ನನ್ನದೂ ಸಹಮತ. ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಲಿನಕ್ಸ್‌ನಲ್ಲಿ ಇದು ಮೊದಲಿನಿಂದಲೇ ರೂಢಿ. ಅಲ್ಲಿ ಸರ್ವಾಧಿಕಾರವಿರುವ ರೂಟ್ ಖಾತೆಯ ಪಾಸ್‌ವರ್ಡ್‌ಗೆ ಬೀಗ ಹಾಕಿಯೇ ಕೊಡುತ್ತಾರೆ. ಬೇಕಾದಾಗ ‘ಸುಡೊ’ ಎಂಬ ಆಜ್ಞೆಯ ಮೂಲಕ ಆ ಒಂದು ಕೆಲಸಕ್ಕಷ್ಟೇ ಅಧಿಕಾರ ಪಡೆಯಬೇಕು. ಸುಡೊ 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಯಾರು, ಯಾವಾಗ, ಯಾವ ಆಜ್ಞೆ ಕೊಟ್ಟರು ಎಂಬುದು ದಾಖಲಾಗುವುದು ನನಗೆ ತುಂಬ ಇಷ್ಟ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟರೆ ಆ ಲೆಕ್ಕವೇ ಸಿಗುವುದಿಲ್ಲ.

ಹಾಗೆಂದು ಅದೂ ದೋಷಮುಕ್ತವಲ್ಲ. 2021ರ ಜನವರಿಯಲ್ಲಿ ಕ್ವಾಲಿಸ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ಬಯಲಿಗೆಳೆದ ಸುಡೊ ದೋಷ 2011ರಿಂದ ಅದರೊಳಗೇ ಅಡಗಿತ್ತು. ಸಾಮಾನ್ಯ ಬಳಕೆದಾರ ಅದರಿಂದ ರೂಟ್ ಆಗಬಹುದಿತ್ತು. ಯಾವ ಕಾರ್ಯಾಚರಣಾ ವ್ಯವಸ್ಥೆಯಾದರೂ ಅಪ್‌ಡೇಟ್ ನಿಲ್ಲಿಸಬೇಡಿ.

ಅಚ್ಚುಮನೆ, ಚಾಮರಾಜಪೇಟೆ

ಬಿಲ್ಲುಗಳು ಸಿಕ್ಕವು! ನೀವು ಹೇಳಿದ ಫೋಲ್ಡರಿನಲ್ಲೇ ಇದ್ದವು. ಮೇಡಂ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಒಂದು ಸಂಕಟ ಉಳಿದಿದೆ. ನಮ್ಮಲ್ಲಿ ಬಹಳ ಕಾಲದಿಂದ ಪುಟ ಕಟ್ಟುವ ಹಿರಿಯರೊಬ್ಬರು, ‘ನನ್ನ ಮೇಲೆ ಅನುಮಾನವೇ?’ ಎಂದು ಕೇಳಿದರು. ಏನು ಹೇಳಲಿ? ಮತ್ತು ನನ್ನ ಖಾತೆಯನ್ನೂ ಬದಲಿಸಿದರೆ ಅಡ್ಮಿನ್ ಯಾರು?

ಸಂಪಿಗೆ ರಸ್ತೆ

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರದಕ್ಕಿಂತ ಮೊದಲು ನಿಮ್ಮ ಖಾತೆಯನ್ನು ಸ್ಟ್ಯಾಂಡರ್ಡ್ ಮಾಡಿ. ಇದು ವ್ಯಕ್ತಿಯ ಮೇಲಿನ ಅನುಮಾನವಲ್ಲ, ಅವರ ಹೆಸರಿನಲ್ಲಿ ನುಗ್ಗುವ ಪ್ರೋಗ್ರಾಂ ಮೇಲಿನದು ಎಂದು ಅವರಿಗೆ ಆಗ ಕಣ್ಣಾರೆ ತಿಳಿಯುತ್ತದೆ. ಅವರು ಒತ್ತಿದ ಒಂದು ಗುಂಡಿಯಿಂದ ನಾಲ್ಕೂ ಯಂತ್ರಗಳು ಹಾಳಾಗುವ ಭಯದಿಂದ ಅವರನ್ನು ಬಿಡಿಸುತ್ತಿದ್ದೀರಿ.

ಕ್ರಮ ತಪ್ಪಬಾರದು. ಪ್ರತಿ ಯಂತ್ರದಲ್ಲೂ ಮೊದಲು ಹೊಸದೊಂದು ಅಡ್ಮಿನ್ ಖಾತೆ ಮಾಡಿ, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇಡಿ. ಅದರೊಳಗೆ ಹೋಗಿ ನೋಡಿ, ಅದು ಕೆಲಸ ಮಾಡುತ್ತದೆ ಎಂದು ಖಚಿತವಾದ ಮೇಲೆಯೇ ಉಳಿದ ಖಾತೆಗಳನ್ನು ಬದಲಿಸಿ. ಅನುಮತಿ ಕೇಳುವ ಪರದೆಯ ಸೆಟ್ಟಿಂಗ್‌ನಲ್ಲಿರುವ ಜಾರುಗುಂಡಿಯನ್ನು ಮೇಲಿನ ತುದಿಗೆ ಏರಿಸಿ. ಆ ಅಡ್ಮಿನ್ ಖಾತೆಯಲ್ಲಿ ಇಮೇಲ್ ತೆರೆಯುವುದು, ಪೆನ್ ಡ್ರೈವ್ ನೋಡುವುದು ಬೇಡ. ಪೆನ್ ಡ್ರೈವ್ ಹಾಕಿದ್ದ ಆ ಒಂದು ಯಂತ್ರವನ್ನು ಮಾತ್ರ ಇಷ್ಟಕ್ಕೇ ನಂಬಬೇಡಿ; ಮಾಹಿತಿ ತೆಗೆದಿಟ್ಟುಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿ.

ಒಂದು ಮಿತಿಯನ್ನೂ ಹೇಳಬೇಕು. ಸ್ಟ್ಯಾಂಡರ್ಡ್ ಖಾತೆಯಿಂದಲೂ ದುಷ್ಟ ಪ್ರೋಗ್ರಾಂ ಆ ಬಳಕೆದಾರರ ಕಡತಗಳನ್ನು ಅಳಿಸಬಹುದು, ಬೀಗ ಹಾಕಿ ಹಣ ಕೇಳಬಹುದು. ಲಗ್ನಪತ್ರಿಕೆಗಳ ಕಡತಗಳೆಲ್ಲ ಅಲ್ಲೇ ತಾನೇ ಇರುವುದು? ಸಂಜೆ ಬ್ಯಾಕಪ್ ಮಾಡಿದ ಮೇಲೆ ಆ ಡಿಸ್ಕನ್ನು ಕಂಪ್ಯೂಟರ್‌ನಿಂದ ಕಿತ್ತು ಬೇರೆ ಇಡಿ.

ಅಚ್ಚುಮನೆ, ಚಾಮರಾಜಪೇಟೆ

ಭಾನುವಾರ ಅಂಗಡಿ ಮುಚ್ಚಿರುತ್ತದೆ, ಅಂದೇ ಮಾಡುತ್ತೇವೆ. ಹಿರಿಯರೂ ಬರಲು ಒಪ್ಪಿದ್ದಾರೆ. ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಬರೆದಿಟ್ಟರೆ ತಪ್ಪೇ?

ಸಂಪಿಗೆ ರಸ್ತೆ

ತಪ್ಪಿಲ್ಲ. ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮನೆಯ ಬೀರುವಿನಲ್ಲಿಡಿ. ಅಂಗಡಿಯಲ್ಲಿ ಬೇಡ. ನೀವು ಊರಲ್ಲಿಲ್ಲದಾಗ ಬೇಕಾದರೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಜಾಗ ತಿಳಿದಿರಲಿ.