ಸೌಹಾರ್ದ ಕೂಟಕ್ಕ ಉಳದೋರು ನಾವ ಹನ್ನೊಂದು ಮಂದಿ. ಏನ್ ಮಾಡೂದು?

ಅಂಚೆಮಾಮ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ. ಲಕ್ಷ್ಮೇಶ್ವರದ ಕಡೀದೊಂದೂರು ನಮ್ದು. ಅಂಚೆ ಇಲಾಖೆಯೊಳಗ 31 ವರ್ಷ ದುಡದು ನಿವೃತ್ತಿ ಆಗೀನಿ. ಅದರಾಗ 16 ವರ್ಷ ಸೈಕಲ್ ಮ್ಯಾಲೆ ಪತ್ರ ಹಂಚೀನಿ. ಊರಾಗ ಯಾರ ಮನಿ ಬಾಗಲಾ ಯಾವ ದಿಕ್ಕಿಗೈತಿ, ಯಾರ ಮನಿ ನಾಯಿ ಕಡೀತೈತಿ, ಕಣ್ಣು ಮುಚ್ಚಿ ಹೇಳ್ತೀನಿ. ಆದ್ರ ಇಷ್ಟು ವರ್ಷದಾಗ ಹೊಸ್ತಿಲಾ ದಾಟಿ ಒಳಗ ಕುಂತದ್ದು ಎಷ್ಟು ಮನಿ ಅಂತ ಎಣಸಾಕ ಹೋದ್ರ ಎರಡು ಕೈ ಬೆರಳು ಹೆಚ್ಚಾಗ್ತಾವ.

2023, 24, 25, ಮೂರೂ ವರ್ಷ ಗಣಪತಿ ಹಬ್ಬ, ಈದ್ ಮಿಲಾದ್ ಹತ್ತು ದಿನದ ಒಳಗ ಬಂದ್ವು. 2023ರಾಗಂತೂ ಅನಂತ ಚತುರ್ದಶಿ, ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕ. (ಪಂಚಾಂಗ ನೋಡೋ ಚಟ ಇದ್ದೋರಿಗೆ ಗೊತ್ತಿರ್ತದ. ಎರಡೂ ಚಂದ್ರನ ಲೆಕ್ಕನ. ನಮ್ಮದ್ರಾಗ ಅಧಿಕಮಾಸ ಸೇರಸ್ತಾರ, ಮುಸಲ್ಮಾನರ ಹಿಜರಿ ಲೆಕ್ಕದಾಗ ಸೇರಸೂದಿಲ್ಲ. ಅಧಿಕಮಾಸ ಬರೂತನಕ ಎರಡೂ ಜೋಡೆತ್ತಿನಂಗ ನಡೀತಾವ. ಈ ವರ್ಷ, 2026ರಾಗ, ಅಧಿಕ ಜ್ಯೇಷ್ಠ ಬಂತು, ಜೋಡಿ ಬಿಡ್ತು.) ಹೋದ ವರ್ಷ ಗಣಪತಿ ಕಳಸೋ ದಿನ ಡಿಜೆ ಮಸೂತಿ ಮುಂದ ಬಂದಾಗ ಇಶಾ ನಮಾಜಿನ ಹೊತ್ತು. ಸೌಂಡ್ ಇಳಸ್ರಿ, ಇಳಸೂದಿಲ್ಲ. ಅಷ್ಟ. ಒಬ್ಬಾಂವನ ಹಣಿ ಒಡೀತು, ಎರಡು ಅಂಗಡಿ ಬಾಗಲಾ ಮುರದ್ವು. ಪೇಪರಿಗೂ ಬರಲಿಲ್ಲ. ಆದ್ರ ಮುಂದಿನ ಎರಡು ಸಂತಿಯೊಳಗ ಮಂದಿ ತಮ್ಮ ತಮ್ಮವರ ಹತ್ರನ ಉಳ್ಳಾಗಡ್ಡಿ ಕೊಂಡ್ರು. ನನಗ ಒಡದ ಹಣಿಗಿಂತ ಅದು ಹೆಚ್ಚು ಚುಚ್ಚಿತು.

ಹಬ್ಬಕ್ಕ ಮೊದ್ಲು ಠಾಣಾದಾಗ ಶಾಂತಿ ಸಭೆ ಆಗಿತ್ತು. ಎಲ್ಲಾ ಊರಾಗ ಆಗೂವಂಥದ್ದ. ಅವ ಇಪ್ಪತ್ತು ಮುಖ, ಚಾ, ಬಿಸ್ಕೀಟು, ಕೈ ಹಿಡಕೊಂಡು ಫೋಟೋ. ಅದು ಸಾಲದು ಅಂತ ಅಕ್ಟೋಬರದಾಗ ನಾವು ನಾಲ್ಕು ಮಂದಿ ಸೌಹಾರ್ದ ಕೂಟ ಶುರು ಮಾಡಿದ್ವಿ: ನಾನು, ಒಬ್ಬರು ಜೈನ ಅರವಿ ಅಂಗಡಿಯವರು, ಉರ್ದು ಸಾಲಿ ನಿವೃತ್ತ ಮಾಸ್ತರು, ಒಬ್ಬರು ಎಣ್ಣಿ ಗಾಣದ ಯಜಮಾನ್ರು. ತಿಂಗಳಿಗೊಮ್ಮೆ, ಸಮುದಾಯ ಭವನದಾಗ. ಮೊದಲನೇ ಸಲ ಸ್ವಾಮಿಗಳು, ಮೌಲಾನಾ, ಫಾದರ್ ಮೂವರೂ ವೇದಿಕೆ ಮ್ಯಾಲೆ, ಮಂದಿ 140. ಶರೀಫಜ್ಜನ ಪದ ಹಾಡಸಿದ್ವಿ. ಶಿಶುನಾಳ ನಮ್ಮ ಮಗ್ಗಲಾಗ ಐತಿ, ಶರೀಫಜ್ಜನ್ನ ಬಿಟ್ಟು ಸೌಹಾರ್ದದ ಮಾತು ಹೆಂಗ ಶುರು ಆದೀತು? ಶಾಲು ಹೊದಸಿದ್ವಿ, ಹಣ್ಣಿನ ಬುಟ್ಟಿ ಕೊಟ್ವಿ. "ನಾವೆಲ್ಲ ಒಂದೇ ತಾಯಿಯ ಮಕ್ಕಳು" ಅನ್ನೋ ಮಾತು ಒಂದ ಸಂಜೀಲೆ ಐದು ಸಲ ಕೇಳಿದ್ವಿ. ಮೊನ್ನಿ ಏಪ್ರಿಲದಾಗ ಏಳನೇ ಕೂಟ. ಬಂದೋರು 19. ಅದರಾಗ 11 ಮಂದಿ ನಾವ, ಕುರ್ಚಿ ಹಾಕೋರು. ಹೆಣ್ಮಕ್ಕಳು ಸೊನ್ನಿ. ಮೂವತ್ತರ ಒಳಗಿನ ಹುಡುಗ ಒಬ್ಬಾಂವ, ಮೈಕಿನಾಂವ.

ರಂಜಾನ್ ತಿಂಗಳ ಕೂಟದ ಕಥಿನೂ ಹೇಳ್ತೀನಿ, ನಗಬ್ಯಾಡ್ರಿ. ಸಂಜಿ ಐದಕ್ಕ ಕರದ್ವಿ. ಉಪ್ಪಿಟ್ಟು, ಶಿರಾ ಹಂಚಿದ್ವಿ. ರೋಜಾದವರು ತಾಟು ಮುಂದಿಟಗೊಂಡು ಕುಂತ್ರು. ತಪ್ಪಾತು ಅಂತ ಮತ್ತ ಒಂದಿನ ಇಫ್ತಾರ ಹೊತ್ತಿಗೆ ಕರದ್ವಿ. ಜೈನರು ಹೊತ್ತು ಮುಳುಗಿದ ಮ್ಯಾಲೆ ಉಣ್ಣೂದಿಲ್ಲ, ರೋಜಾದವರು ಹೊತ್ತು ಮುಳುಗೂತನಕ ಉಣ್ಣೂದಿಲ್ಲ. ಅರವಿ ಅಂಗಡಿಯವರು ನೀರು ಸೈತ ಮುಟ್ಟದ ನಕ್ಕೋತ ಕುಂತಿದ್ರು. ಇಬ್ಬರೂ ಒಂದ ಸೂರ್ಯನ್ನ ನೋಡಿಕೊಂಡು ಉಪಾಸ ಹಿಡಿಯೋರು, ನಮಗ ಇಬ್ಬರನ್ನೂ ಒಂದ ಪಂಕ್ತಿಗೆ ಕುಂಡ್ರಸಾಕ ಬರಲಿಲ್ಲ.

ಮನಿಗೆ ಬಂದು ಹೇಳಿದ್ರ ನಮ್ಮಾಕಿ ಅಂದ್ಲು: "ಎಲ್ಲಾರ್ನೂ ಭವನಕ್ಕ ಕರೀತೀರಿ, ಖರೆ. ನೀವು ಯಾರ ಮನಿಗೆ ಹೋಗೀರಿ?"

ನಿಮ್ಮ ಊರಾಗ ಇಂಥಾದ್ದು ಹೆಂಗ ನಡಸೀರಿ? ಭಾಷಣ ಬ್ಯಾಡ, ಅದು ನಮ್ಮಲ್ಲೆ ಬೇಕಾದಷ್ಟೈತಿ.

ಶಾಂಭವಿ_ತೀರ

ಪೋಸ್ಟ್‌ಮಾಸ್ಟರೇ, ನಮಸ್ಕಾರ. ನಾನು ಮೂಲ್ಕಿ ಕಡೆಯ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ. ನಮ್ಮ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಕಥೆ ನೀವು ಕೇಳಿರಬಹುದು. ಬಪ್ಪ ಬ್ಯಾರಿಯ ದೋಣಿ ಶಾಂಭವಿ ನದಿಯಲ್ಲಿ ನಿಂತದ್ದು, ಕನಸಲ್ಲಿ ದೇವಿ ಬಂದದ್ದು, ಅವರು ದೇವಸ್ಥಾನ ಕಟ್ಟಿಸಿದ್ದು. ಬಪ್ಪನ ಮನೆಯವರಿಗೆ ಇವತ್ತಿಗೂ ಪ್ರಸಾದ ಸಲ್ಲುತ್ತದೆ. ಈ ಕಥೆ ನಾನು ವೇದಿಕೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆ ಅಂದರೆ, ಭಾಷಣಕಾರರು ಮರೆತರೆ ನಾನೇ ಹೇಳಿಕೊಡಬಹುದು.

2022ರಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಬ್ಯಾನರ್ ಬಿತ್ತು, ಮುಸ್ಲಿಮರಿಗೆ ವ್ಯಾಪಾರ ಇಲ್ಲ ಅಂತ. ದೇವಸ್ಥಾನದ ಹತ್ತಿರದ ಜಾಗ ಹಿಂದೂಗಳಲ್ಲದವರಿಗೆ ಲೀಸಿಗೆ ಕೊಡಬಾರದು ಅನ್ನುವ 2002ರ ದತ್ತಿ ನಿಯಮವನ್ನು ತೋರಿಸಿದರು. ಅಷ್ಟು ವರ್ಷ ಆ ನಿಯಮ ಯಾರಿಗೂ ನೆನಪಿರಲಿಲ್ಲ. ಬಪ್ಪನ ಕಥೆ ಆಗ ಒಂದು ಬ್ಯಾನರನ್ನೂ ಇಳಿಸಲಿಲ್ಲ ಮಾರಾಯ್ರೆ.

ನನ್ನ ಚಿಕ್ಕಪ್ಪನದ್ದು ಜಾತ್ರೆಯಲ್ಲಿ ಬಳೆ ಅಂಗಡಿ. ಅವರ ಪಕ್ಕ ಇಪ್ಪತ್ತು ವರ್ಷದಿಂದ ಚರುಮುರಿ ಗಾಡಿ ಹಾಕುವ ಶೆಟ್ರೊಬ್ಬರು ಉಂಟು. ಆ ವರ್ಷ ಫೋನ್ ಮಾಡಿ, "ಸ್ಟಾಕ್ ತಂದಿದ್ದೀರಲ್ಲ, ನನ್ನ ಟೇಬಲಲ್ಲಿ ಇಡಿ, ಮಾರಿ ಕೊಡ್ತೇನೆ" ಅಂದರು. ಚಿಕ್ಕಪ್ಪ ಒಪ್ಪಲಿಲ್ಲ, ನನ್ನಿಂದ ಅವರಿಗೆ ಯಾಕೆ ತೊಂದರೆ ಅಂತ. ಆದರೆ ಆ ಫೋನನ್ನು ಈಗಲೂ ಹೇಳಿಕೊಳ್ಳುತ್ತಾರೆ. ಜಾತ್ರೆಯ ರಾತ್ರಿ ಇವರು ಊಟಕ್ಕೆ ಹೋದರೆ ಇವರ ಗಲ್ಲಾ ಅವರು ಕಾಯುವುದು, ಅವರು ಹೋದರೆ ಅವರದ್ದು ಇವರು. ನಿಮ್ಮ ಸಂತೆಯಲ್ಲಿ ಅಂಥ ಜೋಡಿ ಇರುತ್ತದೆ. ಸ್ವಾಮಿಗಳನ್ನು ಬಿಡಿ, ಅವರನ್ನು ಹುಡುಕಿ.

ರೊಟ್ಟಿಬುಟ್ಟಿ_ನವಲಗುಂದ

ಅಂಚೆ ಅಣ್ಣಾರ, ವೈನಿಯವರ ಮಾತು ಖರೆ ಐತ್ರಿ. ನಾನು ಸ್ವಸಹಾಯ ಸಂಘದ ಲೆಕ್ಕ ಬರಿಯಾಕಿ. ನಮ್ಮಲ್ಲೆ ಸಾಲದ ಸಂಘ ಅಂತನ ಕೂಡೋದು, ಸೌಹಾರ್ದ ಅನ್ನೋ ಹೆಸರು ಯಾರೂ ಇಟ್ಟಿಲ್ಲ. ಆದ್ರ ನೀವು ಕೇಳೂದು ಅಲ್ಲೇ ಆಗ್ತೈತಿ.

ಸಂಜೀ ಹೊತ್ತು ಇಟ್ರ ಹೆಣ್ಮಕ್ಕಳು ಬರೂದಿಲ್ಲ, ಆ ಹೊತ್ತಿಗೆ ಒಲಿ ಮುಂದಿರ್ತಾರ. ಮಧ್ಯಾಹ್ನ ಮೂರರಿಂದ ನಾಕೂವರಿ ಇಡ್ರಿ. ಶುಕ್ರವಾರ ಬ್ಯಾಡ, ಅಮಾಸಿ ಬ್ಯಾಡ. ಭವನ ಬ್ಯಾಡ, ಯಾರದರ ಮನಿ ಕಟ್ಟಿ ಸಾಕು. ಇನ್ನೊಂದು, ಫೋಟೋ ತಗೀಲೇಬ್ಯಾಡ್ರಿ. ನಮ್ಮಲ್ಲೆ ಒಮ್ಮೆ ಯಾರೋ ಫೋಟೋ ತಗದು ಗ್ರೂಪಿಗೆ ಹಾಕಿದ್ರು, ಆಮ್ಯಾಲೆ ಮೂರು ಮನಿಯಿಂದ ಬರೂದ ನಿಂತಿತು. ಅಡಗಿ ಮಾಡಸಬ್ಯಾಡ್ರಿ, ಅವರವರ ಡಬ್ಬಿ ಅವರು ತರಲಿ. ಬೇಕಾದೋರು ಕೇಳಿ ತಿಂತಾರ, ಬ್ಯಾಡಾದೋರು ತಮ್ಮದು ತಿಂತಾರ, ಯಾರಿಗೂ ಮುಜುಗರಿಲ್ಲ. ಉಳ್ಳಾಗಡ್ಡಿ ತಿನ್ನದ ನಿಮ್ಮ ಜೈನರ ಸಮಸ್ಯೆನೂ ಬಗೆಹರೀತೈತಿ.

ಏನ್ ಮಾತಾಡಬೇಕು ಅಂತ ಪಟ್ಟಿ ಮಾಡಬ್ಯಾಡ್ರಿ. ಒಮ್ಮೆ ನಮ್ಮ ಸಂಘದಾಗ ಒಬ್ಬಾಕಿ ಅತ್ತಿ ತೀರಿಕೊಂಡಿದ್ಲು. ಎಷ್ಟು ದಿನ ಒಲಿ ಹಚ್ಚೂದಿಲ್ಲ ನಿಮ್ಮಲ್ಲೆ ಅಂತ ಒಬ್ಬಾಕಿ ಕೇಳಿದ್ಲು. ಲಿಂಗಾಯತರ ಮನಿಗೂ ನೆಂಟರ ಕಡಿಂದ ಬುತ್ತಿ ಬರ್ತೈತಿ, ಮುಸಲ್ಮಾನರ ಮನಿಗೂ ಬರ್ತೈತಿ. ಅವತ್ತು ಕಂತಿನ ಲೆಕ್ಕನ ಆಗಲಿಲ್ಲ, ಎಲ್ಲಾರೂ ತಮ್ಮ ತಮ್ಮ ಸತ್ತೋರ ಮಾತು ಹೇಳಿಕೋತ ಕುಂತ್ರು.

ಎಲ್ಲಾ ಸಲ ಹಿಂಗ ಛಲೋ ಆಗೂದಿಲ್ರಿ. ಒಬ್ಬಾಕಿ, "ಬುರ್ಖಾದಾಗ ನಿಮಗ ಸೆಕಿ ಆಗೂದಿಲ್ಲೇನ್ ಅಕ್ಕಾ?" ಅಂದ್ಲು. "ಆಗ್ತೈತಿ. ನಿನಗ ಕಾಲುಂಗುರ ಚುಚ್ಚೂದಿಲ್ಲೇನವ್ವಾ?" ಅಂದ್ಲು ಈಕಿ. ಎಲ್ಲಾರೂ ನಕ್ರು. ಆದ್ರ ಕೇಳಿದಾಕಿ ಎರಡು ತಿಂಗಳು ಬರಲಿಲ್ಲ. ಆಮ್ಯಾಲೆ ಸಾಲ ಬೇಕಾತು, ಬಂದ್ಲು.

ನೇರಮಾತು

ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಕೂಟಕ್ಕೆ ಬರೋರು ಗಲಾಟೆ ಮಾಡಲ್ಲ, ಗಲಾಟೆ ಮಾಡೋರು ಕೂಟಕ್ಕೆ ಬರಲ್ಲ. ರೊಟ್ಟಿ ಹಂಚಿಕೊಂಡು ಏನು ಉಪಯೋಗ? ಬೆಂಗಳೂರು ಕರಗ ಪ್ರತಿ ವರ್ಷ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತೆ. ಅದನ್ನೂ ನಿಲ್ಲಿಸಿ ಅಂತ 2022ರಲ್ಲಿ ಕೂಗು ಎದ್ದಿತ್ತಲ್ಲ?

ಮಗ್ಗದೂರು (ಭಿವಂಡಿ)

ನೇರಮಾತು ಅವ್ರೇ, ಕೂಗು ಎದ್ದದ್ದು ಖರೆ. ಕರಗ ಆ ವರ್ಷನೂ ದರ್ಗಾಕ್ಕ ಹೋತು, ಅದನ್ನೂ ಹೇಳ್ರಿ.

ನಾ ವಿಜಯಪುರ ಕಡಿಯಾಂವ, ಮುಂಬೈ ಹತ್ರದ ಭಿವಂಡಿ ಗೋದಾಮಿನಾಗ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೀತೀನಿ. ಇದು ಪವರ್‌ಲೂಮ್ ಊರು. 1970ರಾಗ, 1984ರಾಗ ಇಲ್ಲಿ ದೊಡ್ಡ ದಂಗಿ ಆಗ್ಯಾವ. ಹಂತಾ ಊರು, 1992 ಡಿಸೆಂಬರದಿಂದ 93 ಜನವರಿತನಕ ಮುಂಬೈ ಹತ್ತಿ ಉರಿಯೋ ಮುಂದ ತಣ್ಣಗಿತ್ತು. ಅದಕ್ಕೂ ಮೊದ್ಲು ಸುರೇಶ್ ಖೋಪಡೆ ಅಂತ ಡಿಸಿಪಿ ಇದ್ರು, ಮೊಹಲ್ಲಾ ಕಮಿಟಿ ಕಟ್ಟಿದ್ರು. ಊರಿಗೊಂದಲ್ಲ, ಓಣಿಗೊಂದು. ಲೀಡರುಗಳನ್ನ ಬಿಟ್ಟು ಸಾದಾ ಮಂದಿ, ಎರಡೂ ಕಡಿಯೋರು, ಕೂಡ ಆ ಓಣಿ ಪೊಲೀಸ. ನಳದ ಜಗಳ, ಗಟಾರದ ಜಗಳ, ಹುಡುಗ ಹುಡುಗಿ ಜಗಳ, ಎಲ್ಲಾ ಅಲ್ಲೇ. ನಮ್ಮ ಗೋದಾಮಿನ ಹಳೇ ಮುನೀಮರು ಹೇಳ್ತಿದ್ರು, "ದಂಗಿ ಸುದ್ದಿ ಬಂದಾಗ ನಾವು ಹೊಸದಾಗಿ ಪರಿಚಯ ಮಾಡ್ಕೊಬೇಕಾಗಿರಲಿಲ್ಲ" ಅಂತ.

ಆಶುತೋಷ್ ವಾರ್ಷ್ಣೆ ಅನ್ನೋ ಪ್ರೊಫೆಸರ್ ಅಲೀಗಢ, ಕಲ್ಲಿಕೋಟೆ ಹಿಂಗ ಜೋಡಿ ಜೋಡಿ ಊರು ಇಟಗೊಂಡು ನೋಡ್ಯಾರ. ಸಣ್ಣ ಹಳ್ಳಿಗೆ ಬಾಜೂ ಮನಿಯವರ ಒಡನಾಟ ಸಾಕಾಗ್ತೈತಿ, ಊರು ದೊಡ್ಡದಾದ್ರ ವ್ಯಾಪಾರಿ ಸಂಘ, ಕಾರ್ಮಿಕ ಸಂಘದಾಗ ಇಬ್ಬರೂ ಕೂಡಿರಬೇಕು ಅಂತಾರ. ಅವರ ಮಾತಿನ ತಿರುಳು ನಮ್ಮ ಮುನೀಮರಿಗೆ ಓದದ ಗೊತ್ತಿತ್ತು: ಸುಳ್ಳು ಸುದ್ದಿ ಬಂದಾಗ ಆ ಕಡಿ ಯಾರಿಗಾರ ಫೋನ್ ಹಚ್ಚಿ, ಖರೆ ಏನಪಾ ಅಂತ ಕೇಳಾಕ ಒಂದು ನಂಬರ್ ಇರಬೇಕು. ಗಲಾಟೆ ಮಾಡೋರು ಕೂಟಕ್ಕ ಬರೂದು ಬ್ಯಾಡ, ನೇರಮಾತು ಅವ್ರೇ. ಅವರು ಬಂದಾಗ ಬಾಗಲಾ ತಗಿಯೋರು ಯಾರು ಅನ್ನೂದಷ್ಟ ನೋಡ್ರಿ.

ಅಂಚೆಮಾಮಾ, ನಿಮ್ಮ ಡಿಜೆ ಹುಡುಗರ ನಂಬರ್ ಉರ್ದು ಮಾಸ್ತರ ಹತ್ರ ಐತೇನು?

ಅಂಚೆಮಾಮ

ಇಲ್ಲ. ನಿಮ್ಮ ಮಾತು ಓದಿ ಅವತ್ತ ಮಾಸ್ತರ ಮನಿಗೆ ಹೋಗಿ ಕೇಳಿದ್ನಿ. ಅವರ ಹತ್ರ ಸ್ವಾಮಿಗಳದು, ಪಿಎಸ್ಐದು, ನಂದು ಐತಿ. ಗಣಪತಿ ಮಂಡಳಿ ಹುಡುಗರದು ಒಂದೂ ಇಲ್ಲ. ಅದರಾಗ ಇಬ್ಬರಿಗೆ ನಾನ ನೌಕರಿ ಆರ್ಡರ್ ಕಾಗದ ತಲುಪಿಸೀನಿ, ನನ್ನ ಹತ್ರನೂ ಇಲ್ಲ. ಅವತ್ತ ಮಾಸ್ತರ ಮನ್ಯಾಗ ಮೊದಲನೇ ಸಲ ಒಳಗ ಕುಂತು ಚಾ ಕುಡದೆ. ನಲವತ್ತು ವರ್ಷದ ಗೆಳೆತನ, ಇಷ್ಟು ದಿನ ಕಟ್ಟಿ ಮ್ಯಾಲೆನ ಮುಗಸಿದ್ವಿ ನೋಡ್ರಿ.

ನೇರಮಾತು ಅವ್ರಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಹಣಿ ಒಡಿಸಿಕೊಂಡ ಹುಡುಗ ಇನ್ನೂ ನಮ್ಮ ಜೋಡಿ ಮಾತಾಡೂದಿಲ್ಲ. ಅವನ ಹಟ ತಪ್ಪು ಅನ್ನಾಕ ನನಗ ಬಾಯಿ ಬರೂದಿಲ್ಲ.

ಅಂಚೆಮಾಮ (ನಾಲ್ಕು ವಾರದ ಮ್ಯಾಲೆ)

ಕೇಳಿದ್ರಿ ಅಂತ ಹೇಳ್ತೀನಿ. ಎಂಟನೇ ಕೂಟ ರದ್ದು ಮಾಡಿದ್ವಿ. ಭವನದ ಬಾಡಿಗಿ, ಮೈಕು, ಶಾಲಿನ ದುಡ್ಡು ಉಳೀತು. ಎಣ್ಣಿ ಗಾಣದ ಯಜಮಾನ್ರು ಸಿಟ್ಟಾಗ್ಯಾರ, ಅವರಿಗೆ ಅಧ್ಯಕ್ಷೀಯ ಭಾಷಣ ಭಾಳ ಸೇರ್ತಿತ್ತು.

ಗುರುವಾರ ಮೂರಕ್ಕ ನಮ್ಮ ಮನಿ ಕಟ್ಟಿ ಮ್ಯಾಲೆ ಹೆಣ್ಮಕ್ಕಳು ಕೂಡ್ತಾರ. ಮೊದಲ ವಾರ ನಾಕು, ಹೋದ ವಾರ ಒಂಬತ್ತು. ನನಗ ಅಲ್ಲಿ ಜಾಗ ಇಲ್ಲ, ಪಡಸಾಲ್ಯಾಗ ಪೇಪರ್ ಹಿಡಕೊಂಡು ಕಿವಿ ಅಲ್ಲಿಟ್ಟಿರ್ತೀನಿ. ಸಂತಿಯೊಳಗ ಒಂದು ಜೋಡಿನೂ ಸಿಕ್ತು: ಮೆಣಸಿನಕಾಯಿಯಾಂವ, ಬಾಜೂಕ ಹಗ್ಗದ ಅಂಗಡಿಯಾಂವ, ಒಂದ ತಕ್ಕಡಿ ಇಟಗೊಂಡಾರ. ಸೌಹಾರ್ದ ಅಂದ್ರ "ಏನ್ರಿ ಅದು, ಯಾವ ಸ್ಕೀಮು?" ಅಂದ್ರು.

ಮಂಡಳಿ ಹುಡುಗರ ಪೈಕಿ ಒಬ್ಬಾಂವ ಮಾಸ್ತರಿಗೆ ನಂಬರ್ ಕೊಟ್ಟಾನ. ಇನ್ನೊಬ್ಬಾಂವ, "ಹಬ್ಬ ಬರಲಿ, ನೋಡೂಣು" ಅಂದ. ಅಷ್ಟಾಗೈತಿ.

ಮೊಹರಂ ಹತ್ರ ಬಂತಲ್ಲ, ಅಲಾಯಿ ಕುಣಿ (ಹಬ್ಬದ ಬೆಂಕಿ ಹಾಕೋ ತಗ್ಗು) ತಗಿಯೋ ದಿನ ಗೊತ್ತಾಗೈತಿ. ಈ ಸಲ ಫಕೀರ ಆಗೋ ಹರಕಿ ನಮ್ಮ ಓಣಿ ಲಿಂಗಾಯತರ ಮನಿ ಹುಡುಗಂದು. ಹೋದ ಗುರುವಾರ ಕಟ್ಟಿ ಮ್ಯಾಲೆ ಮೊಹರಂ ಸಿಹಿ ಚೊಂಗೆ ಹೆಂಗ ಮಾಡೂದು ಅಂತ ದೊಡ್ಡ ವಾದ: ಬೆಲ್ಲ ಎಷ್ಟು, ಎಣ್ಣ್ಯಾಗ ಕರಿಯೂದೋ ಹಂಚಿನ ಮ್ಯಾಲೆ ಬೇಯಿಸೂದೋ. ತೀರ್ಮಾನ ಆಗಲಿಲ್ಲ. ಒಬ್ಬಾಕಿ ಚೊಂಗೆ ಒತ್ತೋ ಮಣಿ ತೋರಸಾಕ ತಂದು ಇಲ್ಲೇ ಮರತು ಹೋಗ್ಯಾಳ. ಮನಿ ಎಲ್ಲೈತಿ ಗೊತ್ತೇನ್ರಿ ಅಂತ ನಮ್ಮಾಕಿ ಕೇಳಾಕತ್ಯಾಳ. ಮಸೂತಿ ಹಿಂದ ಎರಡನೇ ಸಂದಿ, ಹಸರ ಬಾಗಲಾ. ಕೊಟ್ಟು ಬರ್ತೀನಿ.