ಗಂಗಾವತಿ ಗುಡ್ಡಗಳಿಗೆ 25,000ದೊಳಗೆ ಎಂಥ ಸೈಕಲ್ ತಗೊಳ್ಳಲಿ?

ಗಂಗಾವತಿ ಗುಮಾಸ್ತ:
ಎಲ್ಲರಿಗೂ ನಮಸ್ಕಾರ. ಇಲ್ಲೇ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಭಾನುವಾರ ಬೆಳಿಗ್ಗೆ ಆನೆಗೊಂದಿ, ಸಾಣಾಪುರ ಕೆರೆ ಕಡೆ ಹೋಗಿ, ಡಾಂಬರು ಬಿಟ್ಟು ಗುಡ್ಡದ ಸಂದಿಯ ಕಾಲುದಾರಿ ಹಿಡಿಯಬೇಕು ಅನ್ನುವುದು ಬಹಳ ದಿನದ ಆಸೆ. ಈಗ ಇರುವುದು ಅಪ್ಪನ ಕಾಲದ ಸೈಕಲ್ಲು. ಕಾಲುವೆ ದಂಡೆಗೆ ಸರಿ, ಕಲ್ಲಿನ ಮೇಲೆ ನಡೆಯುವುದಿಲ್ಲ. ಎತ್ತರ 5 ಅಡಿ 6 ಇಂಚು, ತೂಕ 72 ಕೆಜಿ. 25,000ದ ಮೇಲೆ ಹಾಕುವ ಹಾಗಿಲ್ಲ, ಮಗಳ ಶಾಲೆ ಫೀಸು ಇದೆ. ಅಂಗಡಿಯಲ್ಲಿ ಮುಂದೆ, ಹಿಂದೆ ಎರಡೂ ಕಡೆ ಸ್ಪ್ರಿಂಗ್ ಇರುವ 21 ಗಿಯರಿನ ಸೈಕಲ್ ತೋರಿಸಿದರು. ಬೆಲೆ 14,000. ಕಲ್ಲಿನ ದಾರಿಗೆ ಎರಡು ಸ್ಪ್ರಿಂಗ್ ಇದ್ದರೆ ಒಳ್ಳೇದಲ್ವಾ?

ಸಂಡೂರು ಸವಾರ:
ಅಣ್ಣಾ, ಬೇಡ. ಆ ಬೆಲೆಯಲ್ಲಿ ಹಿಂದೆ ಬರುವುದು ಬರೀ ಸ್ಪ್ರಿಂಗು. ಒತ್ತಿದ್ದು ಮೆಲ್ಲಗೆ ಏಳುವ ಹಾಗೆ ತಡೆಯುವ ಎಣ್ಣೆ ಅದರೊಳಗೆ ಇರುವುದಿಲ್ಲ. ಇಳಿಜಾರಿನಲ್ಲಿ ಕಲ್ಲು ತಗುಲಿದರೆ ಸೀಟು ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಏರಿನಲ್ಲಿ ನೀವು ತುಳಿದ ಬಲವನ್ನೂ ಅದೇ ತಿನ್ನುತ್ತದೆ. ತೂಕ ಬೇರೆ ಜಾಸ್ತಿ. ಆನೆಗೊಂದಿ ಕಡೆ ಬಂಡೆ ಅಡ್ಡ ಬಂದರೆ ಸೈಕಲ್ ಹೆಗಲಿಗೆ ಹಾಕಿಕೊಂಡೇ ದಾಟಬೇಕು.

ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಅಲಾಯ್ ಫ್ರೇಮ್ ನೋಡಿ. ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲು, 80ರಿಂದ 100 ಮಿಲಿಮೀಟರ್ ಒತ್ತಿಕೊಂಡರೆ ಸಾಕು. ನಿಮಗೆ ಮೀಡಿಯಂ ಸೈಜು ಆಗಬಹುದು, ಆದರೆ ಹತ್ತಿ ನೋಡಿಯೇ ತಗೊಳ್ಳಿ. ಚಕ್ರ 27.5 ಇಂಚು ಆದರೂ ಸರಿ, 29 ಆದರೂ ಸರಿ. ಸುಮ್ನೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಹಿಂದಿನ ಹಬ್, ಅಂದರೆ ಚಕ್ರದ ನಟ್ಟನಡುವಿನ ಭಾಗದ ಬಗ್ಗೆ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಗಿಯರ್ ಚಕ್ರಗಳ ಗುಂಪನ್ನು ಹಬ್ಬಿಗೆ ತಿರುಪಿ ಕೂರಿಸಿರುತ್ತಾರೆ. ಅದು ಫ್ರೀವೀಲ್. ಅದರಲ್ಲಿ ಬೇರಿಂಗ್ ಒಳಗಡೆ ಉಳಿಯುತ್ತದೆ, ಹಬ್ಬಿನ ಒಳಗೆ ಹಾಯುವ ಸರಳಿನ, ಅಂದರೆ ಆಕ್ಸಲ್ಲಿನ, ತುದಿಗೆ ಆಸರೆ ಇರುವುದಿಲ್ಲ. ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಆಕ್ಸಲ್ ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಗಿಯರ್ ಚಕ್ರಗಳ ಗುಂಪನ್ನು ತಿರುಪದೆ ಜಾರಿಸಿ ಕೂರಿಸುವುದು ಕ್ಯಾಸೆಟ್. ಅಂಥ ಹಬ್ಬಿನಲ್ಲಿ ಬೇರಿಂಗ್ ತುದಿಯ ಹತ್ತಿರ ಇರುತ್ತದೆ. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ: ಕ್ಯಾಸೆಟ್ಟೋ, ಫ್ರೀವೀಲೋ? 21 ಗಿಯರ್ ಅಂದರೆ ಮುಂದೆ 3, ಹಿಂದೆ 7. ಅಂಥದ್ದು ಹೆಚ್ಚಾಗಿ ಫ್ರೀವೀಲೇ. ಹಿಂದೆ 8 ಅಥವಾ 9 ಇದ್ದು ಕ್ಯಾಸೆಟ್ ಇರುವುದನ್ನು ಹುಡುಕಿ. ಇದೊಂದಕ್ಕಾಗಿ ಹೊಸಪೇಟೆ, ಹುಬ್ಬಳ್ಳಿ ತನಕ ಹೋದರೂ ತಪ್ಪಿಲ್ಲ.

ಪೂರಾ 25,000 ಸೈಕಲ್ಲಿಗೇ ಸುರಿಯಬೇಡಿ. ಮೂರು ಸಾವಿರ ಹೆಲ್ಮೆಟ್ಟಿಗೆ ಮತ್ತು ಮುಳ್ಳಿಗೆ ಎತ್ತಿಡಿ. ನಮ್ಮ ಕಡೆ ಸವಾರಿ ಕೆಡಿಸುವುದು ಕಲ್ಲಲ್ಲ, ಬಳ್ಳಾರಿ ಜಾಲಿ. ಹೊಲದ ಬೇಲಿಗೆ ಅದನ್ನೇ ಕಡಿದು ಹಾಕುತ್ತಾರೆ, ಮುಳ್ಳೆಲ್ಲ ದಾರಿಗೆ ಬೀಳುತ್ತದೆ. ಎಷ್ಟು ದಪ್ಪ ಟೈರಿದ್ದರೂ ಮೊಳೆ ಹೊಡೆದ ಹಾಗೆ ಒಳಗೆ ಇಳಿಯುತ್ತದೆ. ಬೈಕಿನ ಥರದ ವಾಲ್ವ್ ಇರುವ ಟ್ಯೂಬ್ ಹಾಕಿಸಿ, ವಾಲ್ವಿನ ಪಿನ್ ಬಿಚ್ಚಿ ಒಳಗೆ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬಿಡಿ. ಮುಳ್ಳು ಹೊಕ್ಕರೆ ಕಿತ್ತು, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಸ್ವಲ್ಪ ಹೊತ್ತು ಹಿಡಿಯಿರಿ. ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಮತ್ತೆ ಬಿಡಬೇಕು.

ಸಿಂಧನೂರು ಎರೆಹೊಲ:
ಸವಾರರು ಹೇಳಿದ್ದೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ. ಟೈರಿಗೂ ಫ್ರೇಮಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಮಳೆ ಬಿದ್ದ ಮೇಲೆ ಎರೆ ಮಣ್ಣಿಗೆ ಇಳಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಚಕ್ರ ತಿರುಗುವುದೇ ಇಲ್ಲ. ಗಂಗಾವತಿ ಗುಡ್ಡದ ಗರಸು ಮಣ್ಣು ಪರವಾಗಿಲ್ಲ. ಆದರೆ ಕಾರಟಗಿ ದಾಟಿ ನಮ್ಮ ಕಡೆ ಬಂದರೆ ಗೊತ್ತಾಗುತ್ತದೆ. 2.1 ಇಂಚಿನ ಟೈರ್ ಸಾಕು.

ಗಂಗಾವತಿ ಗುಮಾಸ್ತ:
ಇಬ್ಬರಿಗೂ ತುಂಬಾ ಧನ್ಯವಾದ. 14,000ದ್ದು ಬಿಟ್ಟೆ. ಇನ್ನೆರಡು ಪ್ರಶ್ನೆ. ಬ್ರೇಕ್ ಹೈಡ್ರಾಲಿಕ್ ಇರಲೇಬೇಕಾ? ಹಿರೇಬೆಣಕಲ್ಲಿನ ಮೇಲಿನ ಕಲ್ಲುಮನೆಗಳ ತನಕ ಸೈಕಲ್ ಹೋಗುತ್ತದಾ?

ಸಂಡೂರು ಸವಾರ:
ಈ ಬಜೆಟ್ಟಿಗೆ ಕೇಬಲ್ ಡಿಸ್ಕ್ ಬ್ರೇಕೇ ಒಳ್ಳೇದು. ಕೇಬಲ್ ಹರಿದರೆ ಗಂಗಾವತಿಯ ಯಾವ ಸೈಕಲ್ ಅಂಗಡಿಯಲ್ಲೂ ಹಾಕಿಕೊಡುತ್ತಾರೆ. ಎಣ್ಣೆ ಬ್ರೇಕಿನ ಗಾಳಿ ತೆಗೆಯುವವರನ್ನು ಹುಡುಕಿಕೊಂಡು ಅಲೆಯಬೇಕು. ಪ್ಯಾಡ್ ಮಾತ್ರ ಆಗಾಗ ನೋಡಿ. ನಮ್ಮ ಸಂಡೂರಿನ ಅದಿರು ಧೂಳಿನಲ್ಲಿ ಅವು ಬಹಳ ಬೇಗ ಸವೆಯುತ್ತವೆ.

ಹಿರೇಬೆಣಕಲ್ಲಿನಲ್ಲಿ ಸೈಕಲ್ಲನ್ನು ಕೆಳಗೆ ಊರಲ್ಲೇ ಬಿಟ್ಟು ನಡೆದು ಹತ್ತಿ. ಎರಡು ಸಾವಿರ ವರ್ಷಕ್ಕೂ ಹಳೆಯ ಸಮಾಧಿಗಳು ಅವು. ಆ ಚಪ್ಪಡಿಗಳ ನಡುವೆ ಟೈರು ಓಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ಇನ್ನು ಸಾಣಾಪುರ, ಆನೆಗೊಂದಿ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಪೂರ್ತಿ ಬೆಳಕಾದ ಮೇಲೆ ಹೊರಡಿ, ಒಬ್ಬರೇ ಹೋಗಬೇಡಿ.