ಮೋಲ್ಡ್‌ಗೆ ರೆಡಿಮಿಕ್ಸ್ ತರಿಸಬೇಕೇ, ಸೈಟಿನಲ್ಲೇ ಕಲಸಬೇಕೇ?

ಹೊಸಮನೆ, ಮೈಸೂರು: 30×40 ಸೈಟು, ಮುಂದಿನ ವಾರ ಮೊದಲ ಮೋಲ್ಡ್. ರಸ್ತೆ 20 ಅಡಿ, ತುದಿಯಲ್ಲಿ ತಿರುವು. ಬ್ಯಾಚಿಂಗ್ ಪ್ಲಾಂಟ್‌ನಲ್ಲಿ ಕಲಸಿ ಲಾರಿಯಲ್ಲಿ ಕಳಿಸುವ ರೆಡಿಮಿಕ್ಸ್ ಕಾಂಕ್ರೀಟ್ ತರಿಸಿದವರು ದಯವಿಟ್ಟು ಅನುಭವ ತಿಳಿಸಿ.

ನೊಂದವನು, ನೆಲಮಂಗಲ: ತರಿಸಿ, ಆಮೇಲೆ ಅಳುತ್ತಾ ಕೂರಿ. ನನಗೆ ಬೇಕಾಗಿದ್ದು 13 ಘನ ಮೀಟರ್ ಎಂ-25 (28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 25 ನ್ಯೂಟನ್ ಒತ್ತಡ ತಾಳಬೇಕಾದ ಕಾಂಕ್ರೀಟ್). ಆರಾರು ಮೀಟರಿನ ಎರಡು ಲಾರಿ ಎಂಟೂವರೆಗೇ ಖಾಲಿಯಾದವು. ಉಳಿದ ಒಂದು ಮೀಟರ್ ಬಂದದ್ದು 11:40ಕ್ಕೆ! ಅಷ್ಟರಲ್ಲಿ ಹಾಕಿದ್ದರ ಅಂಚು ಬಿಗಿದುಕೊಂಡಿತ್ತು. ಪಂಪಿಗೆ 14,000, ಸುಮ್ಮನೆ ಕುಳಿತ ಒಂಬತ್ತು ಜನರ ಕೂಲಿ ಬೇರೆ. ಮಳೆಗಾಲದಲ್ಲಿ ಸರಿಯಾಗಿ ಹಳೆಯದೂ ಹೊಸದೂ ಕೂಡಿದ ಗೆರೆಯುದ್ದಕ್ಕೂ ಸೋರಿತು. ಸೋರುವ ಸಂದಿಗೆ ದ್ರಾವಣ ತುಂಬಿಸುವ ಗ್ರೌಟಿಂಗಿಗೆ 38,500. ಪ್ಲಾಂಟಿನವರು ಈಗ ಫೋನ್ ಎತ್ತುವುದಿಲ್ಲ.

ಪ್ಲಾಂಟಿನವನು: ಆರು ವರ್ಷ ಕಂಟ್ರೋಲ್ ರೂಮಿನಲ್ಲಿ ಕುಳಿತವನು ನಾನು. ಜಲ್ಲಿ, ಎಂ-ಸ್ಯಾಂಡ್, ಸಿಮೆಂಟ್ ಎಲ್ಲವೂ ಲೋಡ್‌ಸೆಲ್ ಮೇಲೆ ತೂಗಿಯೇ ಮಿಕ್ಸರಿಗೆ ಇಳಿಯುತ್ತವೆ. ಮರಳು ನೆನೆದಿದ್ದರೆ ಅದರಲ್ಲಿರುವಷ್ಟು ನೀರನ್ನು ಕಳೆಯುತ್ತೇವೆ. ಲಾರಿ ತುಂಬಿದ ಎರಡು ಗಂಟೆಯೊಳಗೆ ಇಳಿಸಬೇಕೆಂದು ರೆಡಿಮಿಕ್ಸಿನ ಭಾರತೀಯ ಮಾನಕ ಐಎಸ್ 4926 ಹೇಳುತ್ತದೆ. ಹಾಳು ಮಾಡುವವರು ಮೇಸ್ತ್ರಿಗಳು: ‘ಗಟ್ಟಿಯಾಗಿದೆ’ ಎಂದು ಲಾರಿಯ ಡ್ರಮ್ಮಿಗೇ ನೀರಿನ ಪೈಪು ಬಿಡುತ್ತಾರೆ.

ಗಾರೆಯವನ ಮಗ: ಮೇಸ್ತ್ರಿಗಳ ಬಗ್ಗೆ ನಾಲಿಗೆ ಬಿಗಿ ಹಿಡಿಯಿರಿ. ನಮ್ಮಪ್ಪ 34 ವರ್ಷ ಬಾಂಡ್ಲಿ ಲೆಕ್ಕದಲ್ಲೇ ಮೋಲ್ಡ್ ಹಾಕಿದರು. ಒಂದೂ ಸೋರಿಲ್ಲ.

ಪ್ಲಾಂಟಿನವನು: ಒದ್ದೆ ಮರಳು ಉಬ್ಬುತ್ತದೆ. ಬೆಳಗಿನ ಬಾಂಡ್ಲಿಯಲ್ಲಿದ್ದಷ್ಟೇ ಮರಳು ಮಳೆ ಬಿದ್ದ ಮೇಲಿನ ಬಾಂಡ್ಲಿಯಲ್ಲೂ ಇರುತ್ತದೆಯೇ, ನಿಮ್ಮ ತಂದೆಯವರನ್ನೇ ಕೇಳಿ.

ಗಾರೆಯವನ ಮಗ: ಅವರಿಲ್ಲ. ಹಾಕಿದ ಮನೆಗಳಿವೆ, ಬಂದು ನೋಡಿ.

ಹಾಸನದ ಗೃಹಿಣಿ: ನಾನು ರೆಡಿಮಿಕ್ಸನ್ನೇ ತರಿಸಿದೆ, ಪಶ್ಚಾತ್ತಾಪವಿಲ್ಲ. ಪ್ರತಿ ಲಾರಿಯ ಬ್ಯಾಚ್ ಚೀಟಿ ಕೇಳಿ ಹೊರಟ ಸಮಯ ನೋಡಿದೆ, ಪರೀಕ್ಷೆಗೆಂದು ಅದೇ ಕಾಂಕ್ರೀಟಿನ ಆರು ಕ್ಯೂಬ್ ಹಾಕಿಸಿದೆ. 28ನೇ ದಿನ ಮೂರನ್ನು ಒಡೆಸಿದಾಗ ಸರಾಸರಿ ಪ್ರತಿ ಚದರ ಮಿ.ಮೀ.ಗೆ 31 ನ್ಯೂಟನ್ ಬಂತು. ಯಜಮಾನರು ‘ಕ್ಯೂಬಿಗೇಕೆ ದುಡ್ಡು’ ಎಂದಿದ್ದರು. ಈಗ ಬಂದವರಿಗೆಲ್ಲ ಆ ವರದಿಯನ್ನು ತೋರಿಸುವವರು ಅವರೇ. ಬೇಸರವಾದದ್ದು ಒಂದಕ್ಕೆ: ಬಾಂಡ್ಲಿ ಹೊರುವ ಕೆಲಸವೇ ಇಲ್ಲದಿದ್ದರೂ ಮೇಸ್ತ್ರಿಯವರು ಇಪ್ಪತ್ತೆರಡು ಜನಕ್ಕೆ ಬಾಡೂಟ ಹಾಕಿಸಿಕೊಂಡರು.

ಗಾರೆಯವನ ಮಗ: ಅಮ್ಮಾ, ಮೋಲ್ಡ್ ದಿನದ ಊಟಕ್ಕೂ ಲೆಕ್ಕವೇ?

ನೊಂದವನು, ನೆಲಮಂಗಲ: ಏಕಿರಬಾರದು? ನನ್ನಲ್ಲಿ ಎಂಟು ಕೋಳಿ ತಿಂದು, ಸೋರಿದಾಗ ಒಬ್ಬನೂ ಬರಲಿಲ್ಲ.

ಹೊಸಮನೆ, ಮೈಸೂರು: ಸ್ವಾಮಿ, ಆ ತಿರುವಿನಲ್ಲಿ ಲಾರಿ ಹೊರಳುತ್ತದೆಯೇ?

ಪ್ಲಾಂಟಿನವನು: ಎಂಟು ಕೋಳಿಯ ಮೇಸ್ತ್ರಿಯೇ ಪೈಪು ಬಿಟ್ಟಿರಬೇಕು.